ಭೀಮೆಯ ನೀರು, ಮುಂಬಯಿಯ ದೀಪ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಓದು ಮ್ಯಾಟ್ರಿಕ್‌ಗೇ ನಿಂತಿತು. ಇಂಜಿನಿಯರರ ಮಾತನ್ನು ನಮ್ಮಿಂದ ನಿರೀಕ್ಷಿಸಬೇಡಿ. ಆದರೆ ಒಂದು ಲೆಕ್ಕ ಬಹಳ ದಿನಗಳಿಂದ ನಮ್ಮನ್ನು ಕಾಡುತ್ತಿದೆ. ಅದನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತೇವೆ.

ಕಳೆದ ಮಳೆಗಾಲದಲ್ಲಿ ಒಂದು ರವಿವಾರ ಸ್ವಯಂಸೇವಕರು ಏಳು ಮಂದಿ ಖೋಪೋಲಿಗೆ ಹೋಗಿದ್ದೆವು. ಕರ್ಜತ್ ದಾಟಿದ ಲೋಕಲ್ ಗಾಡಿ ಅಲ್ಲಿಗೇ ಮುಗಿಯುತ್ತದೆ; ಎದುರಿಗೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಬೆಟ್ಟದ ಮೇಲಿಂದ ಇಳಿದಿರುವ ಉಕ್ಕಿನ ಕೊಳವೆಗಳನ್ನು ತೋರಿಸಿ, ಲೋಣಾವಳೆಯ ಕೆರೆಗಳ ನೀರು ಇದರೊಳಗೆ ಬರುತ್ತದೆಂದು ನಾವು ದೊಡ್ಡ ಪಂಡಿತರಂತೆ ವಿವರಿಸುತ್ತಿದ್ದೆವು. ಜೊತೆಯಲ್ಲಿ ಇಂಡಿ ತಾಲೂಕಿನ, ಭೀಮಾತೀರದ ಗೆಳೆಯರೊಬ್ಬರಿದ್ದರು.

"ಆ ಕೆರಿ ನೀರು ಮೊದಲ ಯಾವ ಕಡೆ ಹರೀತಿತ್ರಿ?" ಎಂದು ಅವರು ಕೇಳಿದರು.

"ಮೂಡಣಕ್ಕೆ. ಇಂದ್ರಾಯಣಿಗೆ ಸೇರಿ, ಅಲ್ಲಿಂದ ಭೀಮೆಗೆ."

"ಹಂಗಾರ ಇದು ನಮ್ಮ ಹೊಳಿ ನೀರೇ ಅಲ್ಲೇನ್ರಿ?"

ನಮಗೆ ಉತ್ತರ ತೋಚಲಿಲ್ಲ. ಊರಿಗೆ ಮರಳಿದ ಮೇಲೆ ಕಪಾಟಿನ ಪುಸ್ತಕಗಳನ್ನು ತಿರುವಿ ನೋಡಿದೆವು.

ಮುಂಬಯಿಯ ಗಿರಣಿಗಳು ಮೊದಲು ಕಲ್ಲಿದ್ದಲಿನಿಂದ ನಡೆಯುತ್ತಿದ್ದವು. ಆ ಕಲ್ಲಿದ್ದಲು ಬಹು ದೂರದಿಂದ ಬರಬೇಕು, ಹೊಗೆ ಮಾತ್ರ ಇಲ್ಲಿನ ಚಾಳುಗಳಿಗೆ. ಘಟ್ಟದ ಮಳೆನೀರಿನಿಂದ ವಿದ್ಯುತ್ ತರುವ ಕನಸು ಕಂಡ ಜಮ್‌ಶೇಟ್‌ಜಿ ತಾತಾ 1904ರಲ್ಲಿ ತೀರಿಕೊಂಡರು. 1910ರಲ್ಲಿ ಕಂಪನಿ ಸ್ಥಾಪನೆಯಾಯಿತು. 1915ರ ಫೆಬ್ರುವರಿಯಲ್ಲಿ ಖೋಪೋಲಿಯ ವಿದ್ಯುತ್ತು ಗಿರಣಿಗಳಿಗೆ ಹರಿಯಿತು. ನಮ್ಮ ಮೈಸೂರು ಸೀಮೆಯವರು 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದರು ಎಂಬುದನ್ನು ಇಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇವೆ. ಆದರೆ ಅಲ್ಲಿ ಕಾವೇರಿ ತನ್ನ ದಾರಿಯಲ್ಲಿಯೇ ಧುಮುಕಿ ಮುಂದೆ ಹರಿಯಿತು. ಇಲ್ಲಿಯ ಸಂಗತಿ ಬೇರೆ.

ಸಹ್ಯಾದ್ರಿಯ ಪೂರ್ವದ ಇಳಿಜಾರು ಮೆಲ್ಲನೆಯದು. ಪಶ್ಚಿಮದ ಕಡೆ ಒಮ್ಮೆಲೇ ಪ್ರಪಾತ. ನೀರನ್ನು ಅದರ ಪಾಡಿಗೆ ಬಿಟ್ಟರೆ ಅದು ಪಂಢರಾಪುರ ಹಾಯ್ದು, ನಮ್ಮ ಗಾಣಗಾಪುರ ಹಾಯ್ದು, ಕೃಷ್ಣೆಯನ್ನು ಕೂಡಿ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಆದರೆ ಲೋಣಾವಳೆಯ ಹತ್ತಿರ ಅದಕ್ಕೆ ಹೇಳಿಕೊಳ್ಳುವಂಥ ಬೀಳು ಇಲ್ಲ. ಅದೇ ನೀರಿಗೆ ಒಡ್ಡು ಕಟ್ಟಿ ಪಡುವಣಕ್ಕೆ ತಿರುಗಿಸಿದರೆ 1,500 ಅಡಿಗೂ ಮಿಕ್ಕಿ ಧುಮುಕುತ್ತದೆ. ಆ ರಭಸವೇ ಯಂತ್ರದ ಚಕ್ರವನ್ನು ತಿರುಗಿಸುವುದು. ಅಂದರೆ ಹೊಳೆಯ ಮುಖ ತಿರುಗಿಸಿದ್ದರಿಂದಲೇ ಈ ವಿದ್ಯುತ್ತು ಹುಟ್ಟಿತು. 1922ರಲ್ಲಿ ಭಿವ್ಪುರಿ, 1927ರಲ್ಲಿ ಭಿರಾ ಇದೇ ರೀತಿ ಆದವು. ಇದರ ನಡುವೆ, 1925ರ ಫೆಬ್ರುವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು.

ಇದು ಜಮಾ ಬದಿ. ಖರ್ಚಿನ ಬದಿಯನ್ನೂ ಓದಬೇಕಷ್ಟೆ.

ಭಿರಾಕ್ಕೆ ನೀರು ಕೊಡುವುದು ಮುಳಶಿಯ ಕೆರೆ. ಅದಕ್ಕಾಗಿ ಮಾವಳದ ರೈತರ ಗದ್ದೆ, ಮನೆ, ದೇವಸ್ಥಾನಗಳು ಮುಳುಗಬೇಕಾಯಿತು. 1921ರಲ್ಲಿ ಅವರು ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದು ಅಲ್ಲಿಯೇ. ಸತ್ಯಾಗ್ರಹ ಸೋತಿತು, ಅಣೆಕಟ್ಟು ಎದ್ದಿತು. ಮುಂಬಯಿಯಲ್ಲಿ ಗುಂಡಿ ಒತ್ತಿ ದೀಪ ಹಚ್ಚುವವರಲ್ಲಿ ಎಷ್ಟು ಜನಕ್ಕೆ ಆ ಹಳ್ಳಿಗಳ ನೆನಪಿದ್ದೀತು? ನಮಗೂ ಇರಲಿಲ್ಲ.

ಇನ್ನು ನಮ್ಮ ಇಂಡಿಯ ಗೆಳೆಯರ ಪ್ರಶ್ನೆ. ಅದನ್ನು ಅವರಿಗಿಂತ ಮೊದಲು ರಾಜ್ಯಗಳೇ ಕೇಳಿದ್ದವು. ಕೃಷ್ಣಾ ಜಲವಿವಾದದಲ್ಲಿ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟಿತು, 1976ರಲ್ಲಿ ಅದನ್ನು ಪೂರ್ಣಗೊಳಿಸಿತು. ತಾತಾ ಕೇಂದ್ರಗಳಿಗೆ ಪಶ್ಚಿಮಕ್ಕೆ ತಿರುಗಿಸುವ ನೀರು ಯಾವ ಒಂದು ವರ್ಷದಲ್ಲಿಯೂ 54.5 ಟಿಎಂಸಿ ಮೀರಕೂಡದು, ಒಟ್ಟು ಐದು ವರ್ಷಗಳಲ್ಲಿ 212 ಮೀರಕೂಡದು ಎಂದು ಮಿತಿ ಹಾಕಿತು. ಕೊಯ್ನಾಕ್ಕೆ ವರ್ಷಕ್ಕೆ 67.5. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮಿತಿ ಹಾಕಿತು, ಆದರೆ ನೀರನ್ನು ಹಿಂದಕ್ಕೆ ಕೊಡಿಸಲಿಲ್ಲ. ಬರ ಬಂದಾಗಲೆಲ್ಲ ಆ ನೀರನ್ನು ಭೀಮೆಗೇ ಬಿಡಿ ಎಂಬ ಕೂಗು ಏಳುತ್ತಲೇ ಇದೆ.

ಬಿಟ್ಟುಬಿಡಬಹುದಲ್ಲ, ಎನ್ನುವಿರಿ. 1982ರ ಜನವರಿ 18ರಂದು ಮುಷ್ಕರ ಆರಂಭವಾದ ಮೇಲೆ ಗಿರಣಿಗಳು ಒಂದೊಂದಾಗಿ ಹೋದವು. ಅವು ಇದ್ದಲ್ಲಿ ಗಗನಚುಂಬಿ ಮನೆಗಳೆದ್ದವು. ಯಾರಿಗಾಗಿ ನೀರು ತಿರುಗಿತೋ ಆ ಗಿರಾಕಿಯೇ ಇಲ್ಲ. ಮೂರು ಕೇಂದ್ರಗಳ ಶಕ್ತಿ ಕೂಡಿದರೂ 450 ಮೆಗಾವಾಟ್ ಆಗದು; ಬೇಸಿಗೆಯಲ್ಲಿ ಮುಂಬಯಿ ಕೇಳುವುದು 4,000ಕ್ಕೂ ಮೇಲೆ. ನಾವೂ ಮೊದಲು ಹೀಗೆಯೇ ವಾದಿಸಿದೆವು. ಆದರೆ ಎರಡು ಸಂಗತಿ ನಮ್ಮ ಬಾಯಿ ಕಟ್ಟಿದವು. ಕಲ್ಲಿದ್ದಲಿನ ಯಂತ್ರ ಚಾಲೂ ಆಗಲು ಗಂಟೆಗಟ್ಟಲೆ ಬೇಕು, ನೀರಿನದು ಕೆಲವೇ ನಿಮಿಷಗಳಲ್ಲಿ ತಿರುಗುತ್ತದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ನಗರದ ವಿದ್ಯುತ್ ಹೋಗಿ ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತದ್ದು ನಿಮಗೆ ನೆನಪಿದ್ದೀತು. ಅಂಥ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತದೆ. ಎರಡನೆಯದು ಇನ್ನೂ ಕಠಿಣ. ಚಕ್ರ ತಿರುಗಿಸಿದ ನೀರು ನೆಟ್ಟಗೆ ಸಮುದ್ರ ಸೇರುವುದಿಲ್ಲ. ಖೋಪೋಲಿಯ ನೀರು ಪಾತಾಳಗಂಗೆಗೆ, ಭಿವ್ಪುರಿಯದು ಉಲ್ಹಾಸ ನದಿಗೆ ಬೀಳುತ್ತದೆ. ಅದರಿಂದ ಕಾರಖಾನೆಗಳು ನಡೆಯುತ್ತವೆ. ಬದಲಾಪುರ, ಅಂಬರನಾಥ, ಕಲ್ಯಾಣದ ನಲ್ಲಿಗಳಲ್ಲಿ ಅದೂ ಸೇರಿ ಬರುತ್ತದೆ. ಅಲ್ಲಿರುವ ಕನ್ನಡಿಗರೂ ಅದನ್ನೇ ಕುಡಿಯುತ್ತಾರೆ.

ನಮ್ಮ ಇಂಡಿಯ ಗೆಳೆಯರು ಇರುವುದೂ ಕಲ್ಯಾಣದಲ್ಲಿ. ಈ ಮಾತು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ಊರಾಗ ಕೊಳವೆಬಾವಿ ತೋಡಿಸಿ ಸಾಲಾ ಮಾಡ್ಯಾನ, ನಾ ಇಲ್ಲಿ ನಮ್ಮ ಹೊಳಿ ನೀರು ಕುಡದು ಆ ಸಾಲಾ ತೀರಸಾಕತ್ತೇನಿ" ಎಂದರು. ನಗುತ್ತಲೇ ಹೇಳಿದರು.

ಅವರು ಭೀಮೆಯ ಒಂದು ನಕಾಶೆ ಬರೆದುಕೊಟ್ಟಿದ್ದಾರೆ. ಪತ್ರಿಕೆಗಳ ಮೇಜಿನ ಬದಿಯ ಗೋಡೆಗೆ ಹಚ್ಚಿದ್ದೇವೆ. ಆ ಹೊಳೆಯ ದಂಡೆಯವರು ಯಾರಿದ್ದರೂ ತಮ್ಮ ಊರಿನ ಹೆಸರನ್ನು ಅದರಲ್ಲಿ ಪೆನ್ಸಿಲಿನಿಂದ ಬರೆಯಿರಿ. ಮತ್ತೆ ಖೋಪೋಲಿಗೆ ಬರುವ ಮನಸ್ಸುಳ್ಳವರು ಈ ವಾರದೊಳಗೆ ಹೆಸರು ಕೊಡಬೇಕು. ರವಿವಾರ ಬೆಳಗಿನ ಗಾಡಿಗೆ ದಾದರದಲ್ಲಿ ಕೂಡೋಣ, ಬುತ್ತಿ ಅವರವರದೇ.