ವಾರ್ಡಿನ ಮಕ್ಕಳ ಜೊತೆ ಆಟ, ಹಬ್ಬ: ಸ್ವಯಂಸೇವಕರಿಗೆ ಕೆಲವು ಮಾತು

(ದಾವಣಗೆರೆ ಮತ್ತು ಹರಿಹರದ ಯುವಜನರು ಹಾಗೂ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಡಿಸೆಂಬರ್ ಬಂತೆಂದರೆ ದಾವಣಗೆರೆಯ ಆಸ್ಪತ್ರೆಗಳ ಮಕ್ಕಳ ವಾರ್ಡಿಗೆ ಹೋಗೋಣ, ಕೇಕ್ ಹಂಚಿ ಹಾಡು ಹೇಳಿ ಬರೋಣ ಎಂದು ನಿಮ್ಮಲ್ಲಿ ಬಹಳ ಮಂದಿ ಮುಂದೆ ಬರುತ್ತೀರಿ. ಸಂತೋಷ. ಕೇಕಿನ ವಿಷಯ ಆಮೇಲೆ ಮಾತಾಡೋಣ. ಮೊದಲು ಆಟದ ವಿಷಯ ಹೇಳಬೇಕು. ಯಾಕೆಂದರೆ ಹಾಸಿಗೆ ಹಿಡಿದ ಮಗುವಿಗೆ ಎಲ್ಲರೂ ತಿಂಡಿ ತರುತ್ತಾರೆ, ಆಟ ತರುವವರು ಕಡಿಮೆ.

ಕಾಯಿಲೆ ಮಕ್ಕಳಿಗೆ ಎಂಥಾ ಆಟ, ಸುಮ್ಮನೆ ಮಲಗಲಿ ಬಿಡ್ರಿ ಅಂತ ಹೇಳುವವರಿದ್ದಾರೆ. ಅಂಗವಿಕಲರ ಕ್ರೀಡೆ ಹುಟ್ಟಿದ್ದೇ ಆಸ್ಪತ್ರೆಯಲ್ಲಿ ಎಂಬುದನ್ನು ಅವರಿಗೆ ತಿಳಿಸಿ. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿದ್ದರು. ಅಂಥವರು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದ ಕಾಲ ಅದು. ಅಲ್ಲಿನ ವೈದ್ಯರಾದ ಲುಡ್ವಿಗ್ ಗುಟ್‌ಮನ್ ಅವರು ಆಟವನ್ನೇ ಚಿಕಿತ್ಸೆಯ ಭಾಗ ಮಾಡಿದರು. 1948ರ ಜುಲೈ 29ರಂದು 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುವಿದ್ಯೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದ. ನಮ್ಮ ದೇಶಕ್ಕೆ ಅದರಲ್ಲಿ ಮೊದಲ ಚಿನ್ನ ತಂದ ಮುರಳೀಕಾಂತ್ ಪೇಟ್ಕರ್ ಅವರೂ 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರೇ. 1972ರಲ್ಲಿ ಅವರು ಗೆದ್ದದ್ದು ಈಜಿನಲ್ಲಿ.

ದೂರ ಯಾಕೆ, ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರನ್ನು ನೋಡಿ. ಅಂಧರ ಶಾಲೆಯಲ್ಲಿ ಕ್ರಿಕೆಟ್ ಕಲಿತು ಭಾರತ ಅಂಧರ ತಂಡದ ನಾಯಕರಾದರು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಶ್ವಕಪ್ ಅವರ ನಾಯಕತ್ವದಲ್ಲೇ ಬಂತು, 2017ರಲ್ಲಿ ಪದ್ಮಶ್ರೀಯೂ ಬಂತು. ಚೆಂಡಿನೊಳಗೆ ಗಿಲಿಗಿಲಿ ಸದ್ದು ಮಾಡುವ ಕಾಳು ಹಾಕಿ, ಅದನ್ನು ನೆಲದ ಮೇಲೆ ಉರುಳಿಸಿ ಎಸೆಯುವುದು, ಇಷ್ಟೇ ಬದಲಾವಣೆಯಿಂದ ಕಣ್ಣಿಲ್ಲದವರಿಗೂ ಕ್ರಿಕೆಟ್ ಸಾಧ್ಯವಾಯಿತು. ಆಟವನ್ನು ಮಗುವಿನ ಅಳತೆಗೆ ಹೊಲಿಯಬೇಕು, ಅಂಗಿ ಹೊಲಿದ ಹಾಗೆ.

ಈಗ ನಮ್ಮ ದಾವಣಗೆರೆಗೇ ಬರೋಣ. ಈ ಊರಿಗೆ ಬೆಣ್ಣೆದೋಸೆಯ ಹೆಸರಿದೆ, ವೈದ್ಯಕೀಯ ಕಾಲೇಜುಗಳ ಹೆಸರಿದೆ. ಇನ್ನೊಂದು ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ: ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಪ್ರಾಧ್ಯಾಪಕರಾಗಿದ್ದ ಡಾ. ಸುರೇಶ್ ಹನಗವಾಡಿ ಅವರು ಇಲ್ಲಿ ಅದನ್ನು ಕಟ್ಟಿ ಬೆಳೆಸಿದವರು. ಅವರಿಗೆ ಸ್ವತಃ ಹಿಮೋಫಿಲಿಯಾ. ನೋವು ಉಂಡವರೇ ನೋವಿನ ಮದ್ದು ಹುಡುಕಿದ ಊರು ಇದು ಎಂದು ನಾವು ಹೆಮ್ಮೆಯಿಂದ ಹೇಳಬಹುದು.

ಹಿಮೋಫಿಲಿಯಾ ಎಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ, ಫ್ಯಾಕ್ಟರ್ 8 ಅಥವಾ ಫ್ಯಾಕ್ಟರ್ 9, ಹುಟ್ಟಿನಿಂದಲೇ ಕಡಿಮೆ ಇರುವುದು. ಮೊದಲನೆಯ ಬಗೆ ಸುಮಾರು 5000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಹೊರಗಿನ ಗಾಯಕ್ಕಿಂತ ಒಳಗೆ, ಮೊಣಕಾಲು, ಮೊಣಕೈ, ಹಿಮ್ಮಡಿ ಕೀಲುಗಳಲ್ಲಿ ರಕ್ತ ತುಂಬುವುದೇ ಹೆಚ್ಚಿನ ಕಷ್ಟ. ಮತ್ತೆ ಮತ್ತೆ ತುಂಬಿದರೆ ಕೀಲು ಸವೆದು ಮಗು ಕುಂಟುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಇದು ಎಷ್ಟೋ ತಂದೆತಾಯಿಗೆ ತಿಳಿದಿಲ್ಲ, ಸಮಯ ನೋಡಿ ತಿಳಿಸಿ.

ಇಂಥ ಹುಡುಗನಿಗೆ ಮನೆಯಲ್ಲಿ, ಶಾಲೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಓಡಬ್ಯಾಡ, ಆಡಬ್ಯಾಡ, ಮೂಲೆಯಲ್ಲಿ ಕೂತ್ಕೋ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೂತೇ ಇದ್ದರೆ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಕೀಲಿಗೆ ಆಸರೆ ಇಲ್ಲ, ಆಸರೆ ಇಲ್ಲದ ಕೀಲಿನಲ್ಲಿ ರಕ್ತಸ್ರಾವ ಇನ್ನೂ ಹೆಚ್ಚು. ಆದ್ದರಿಂದಲೇ ತಜ್ಞರು ಈಜು, ನಡಿಗೆ, ಸೈಕಲ್ ಮುಂತಾದವನ್ನು ಮಾಡಿಸಿ ಎನ್ನುತ್ತಾರೆ. ಕುಸ್ತಿ, ಬಾಕ್ಸಿಂಗ್, ಫುಟ್‌ಬಾಲ್, ಹಾಕಿಯಂಥ ಮೈಗೆ ಮೈ ತಾಗುವ ಆಟ ಬೇಡ ಎನ್ನುತ್ತಾರೆ. ಕಬಡ್ಡಿಯೂ ಬೇಡ ಎಂದು ಬೇರೆ ಹೇಳಬೇಕಿಲ್ಲ. ಹಿಮೋಫಿಲಿಯಾ ಇರುವ ಇಂಗ್ಲೆಂಡಿನ ಅಲೆಕ್ಸ್ ಡೌಸೆಟ್ 2015ರಲ್ಲಿ ಒಂದು ಗಂಟೆಯಲ್ಲಿ 52.937 ಕಿಲೋಮೀಟರ್ ಸೈಕಲ್ ತುಳಿದು ಆಗ ವಿಶ್ವದಾಖಲೆ ಮಾಡಿದರು. ಇದನ್ನು ಹುಡುಗರಿಗೆ ಹೇಳಿ ನೋಡಿ, ಮುಖ ಹೇಗೆ ಅರಳುತ್ತದೆ! ಆದರೆ ಈಜು ಎಂದ ತಕ್ಷಣ ಹರಿಹರದವರು ತುಂಗಭದ್ರೆಗೆ ಕರೆದುಕೊಂಡು ಹೋಗಬೇಡಿ ಮಾರಾಯರೇ. ಹೊಳೆಯ ಕಲ್ಲು, ಸೆಳವು ಯಾರ ಮಾತೂ ಕೇಳುವುದಿಲ್ಲ.

ಯಾವ ಮಗುವಿಗೆ ಯಾವ ಆಟ ಎಂಬುದನ್ನು ವೈದ್ಯರು, ಫಿಸಿಯೋಥೆರಪಿಸ್ಟ್ ಹೇಳಬೇಕು, ನಾವಲ್ಲ. ಕೀಲು ಊದಿಕೊಂಡು ಬಿಸಿಯಾಗಿದ್ದರೆ ಅಂದು ಆಟವಿಲ್ಲ, ತಕ್ಷಣ ಸಿಸ್ಟರಿಗೆ ತಿಳಿಸಿ. ನೋವೆಂದು ಅತ್ತರೆ ನಿಮ್ಮ ಬ್ಯಾಗಿನ ಮಾತ್ರೆ ಕೊಡಲೇಬೇಡಿ. ಆಸ್ಪಿರಿನ್‌ನಂಥ ಮಾತ್ರೆ ಆ ಮಗುವಿಗೆ ವಿಷ ಇದ್ದ ಹಾಗೆ.

ಇನ್ನೊಂದು ಮಾತು, ಇದನ್ನು ಅಕ್ಕಂದಿರು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಈ ಕಾಯಿಲೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಸೊಸೆಯನ್ನು ದೂರುತ್ತಾರೆ. ಸುಮಾರು ಮೂರರಲ್ಲಿ ಒಂದು ಭಾಗ ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇರುವುದೇ ಇಲ್ಲ, ಹೊಸದಾಗಿ ಕಾಣಿಸಿಕೊಂಡಿರುತ್ತದೆ. ಯಾರು ತಾನೇ ಬೇಕೆಂದು ಕೊಟ್ಟಾರು? ವಾರ್ಡಿನಲ್ಲಿ ಹತ್ತು ಜನರ ಮುಂದೆ "ಇದು ಹೆಂಗ್ ಬಂತವ್ವಾ? ನಿಮ್ಮ ತವರಲ್ಲಿ ಯಾರಿಗಾದ್ರೂ ಇತ್ತಾ?" ಎಂದು ಕೇಳಬೇಡಿ. ಆ ಪ್ರಶ್ನೆ ಅವಳು ನೂರು ಸಲ ಕೇಳಿಸಿಕೊಂಡು ಬಂದಿರುತ್ತಾಳೆ.

ವಾರ್ಡಿನಲ್ಲಿ ಏನು ಆಡಿಸುವುದು? ಬೊಚ್ಚಾ ಎಂಬ ಆಟವಿದೆ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಒಂದು ಬಿಳಿ ಚೆಂಡು ಮುಂದೆ ಇಟ್ಟು, ಕೆಂಪು-ನೀಲಿ ಮೆತ್ತನೆ ಚೆಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸುವುದು. ಕೂತೇ ಆಡಬಹುದು. ಕೈಯಲ್ಲಿ ಬಲವಿಲ್ಲದ ಮಗು ಇಳಿಜಾರು ಹಲಗೆಯ ಮೇಲಿಂದ ಚೆಂಡು ಬಿಡಬಹುದು. ನಮ್ಮ ಗೋಲಿಯಾಟದ ದೊಡ್ಡ ತಮ್ಮ ಅಂದುಕೊಳ್ಳಿ. ಸ್ಪರ್ಧೆಯ ಚೆಂಡು ಸುಮಾರು 275 ಗ್ರಾಂ. ನಮ್ಮ ಹೊಲಿಗೆ ಕಲಿತ ಅಕ್ಕಂದಿರು ರೆಕ್ಸಿನ್ ಬಟ್ಟೆಯಲ್ಲಿ ರಾಗಿ ತುಂಬಿ ಅದೇ ತೂಕಕ್ಕೆ ಹೊಲಿಯಬಹುದು. ರೆಕ್ಸಿನ್ ಯಾಕೆಂದರೆ ಒಬ್ಬರಿಂದ ಒಬ್ಬರಿಗೆ ಹೋಗುವ ಮುಂಚೆ ಸೋಪಿನ ನೀರಿನ ಬಟ್ಟೆಯಿಂದ ಒರೆಸಲು ಬರುತ್ತದೆ. ಗಾಲಿಕುರ್ಚಿಯ ಬ್ರೇಕ್ ಹಾಕಿದ ಮೇಲೇ ಆಟ. ಡ್ರಿಪ್ ಹಾಕಿದ ಕೈಗೆ ರಜೆ, ಇನ್ನೊಂದು ಕೈಗೆ ಕೆಲಸ. ಏಳಲಾಗದವರಿಗೆ ಚೌಕಾಬಾರ, ಅಳಗುಳಿಮಣೆ ಇದ್ದೇ ಇದೆ, ಆದರೆ ಕವಡೆ, ಹುಣಸೆಬೀಜ ಪುಟ್ಟ ಮಕ್ಕಳ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ರಬ್ಬರ್ ಬಲೂನು ಒಯ್ಯಬೇಡಿ. ಹುಟ್ಟಿನಿಂದ ಬೆನ್ನುಹುರಿ ದೋಷವಿರುವ ಮಕ್ಕಳಲ್ಲಿ ಅನೇಕರಿಗೆ ಆ ರಬ್ಬರ್ ಆಗುವುದಿಲ್ಲ.

ಈಗ ಕೇಕು. ಒಂದು ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಮಗು ಇರಬಹುದು, ಮೂತ್ರಪಿಂಡದ ತೊಂದರೆಯಿಂದ ಉಪ್ಪು ಬಿಟ್ಟ ಮಗು ಇರಬಹುದು. ಹೊರಗಿನ ಮಂಡಕ್ಕಿ-ಮೆಣಸಿನಕಾಯಿಯಂತೂ ಬೇಡವೇ ಬೇಡ. ಸಿಸ್ಟರನ್ನು ಕೇಳದೆ ಡಬ್ಬಿ ತೆರೆಯಬೇಡಿ. ಅದಕ್ಕಿಂತ ಬಣ್ಣದ ಪೆನ್ಸಿಲ್, ಚಿತ್ರ ಬರೆಯುವ ಪುಸ್ತಕ ಒಳ್ಳೆಯದು. ಎಲ್ಲರಿಗೂ ಒಂದೇ ಬಗೆಯದು, ಜೊತೆಗೆ ಬಂದ ಅಣ್ಣ-ತಂಗಿಗೂ ಒಂದು. ಕ್ರಿಸ್ಮಸ್ ತಾತನ ಮುಖವಾಡ ನೋಡಿ ಎರಡು ವರ್ಷದ ಕೂಸು ಕಿಟಾರನೆ ಕಿರುಚುತ್ತದೆ, ಟೋಪಿ ಸಾಕು. ನಕ್ಷತ್ರವನ್ನು ಮಕ್ಕಳ ಕೈಯಲ್ಲೇ ಅಂಟಿಸಿ ಮಾಡಿಸಿ. ಕ್ಯಾರೋಲ್ ಮೆಲ್ಲಗೆ ಹಾಡಿ, ಡ್ರಮ್ ಗೇಟಿನ ಹೊರಗಿರಲಿ. ಅಲ್ಲಿರುವ ಮಕ್ಕಳು ಎಲ್ಲ ಧರ್ಮದವರು. ನಾವು ಹೋಗುವುದು ಹಬ್ಬದ ಸಂತೋಷ ಹಂಚಲು, ಬೋಧನೆಗಲ್ಲ. ಸಂಕ್ರಾಂತಿಗೆ, ಯುಗಾದಿಗೆ, ರಂಜಾನ್‌ಗೆ ಕೂಡ ಹೋಗುವವರು ಮಾತ್ರ ಕ್ರಿಸ್ಮಸ್‌ಗೆ ಬನ್ನಿ ಎಂದು ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಫೋಟೋ ಬೇಡ. "ಮುಂದಿನ ಭಾನುವಾರ ಬರ್ತೀನಿ ಪುಟ್ಟಾ" ಎಂದು ಬಾಯಿಮಾತಿಗೆ ಹೇಳಬೇಡಿ. ನೀವು ಮರೆಯುತ್ತೀರಿ, ಅದು ಬಾಗಿಲು ನೋಡುತ್ತಾ ಕೂತಿರುತ್ತದೆ.

ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಬಂದ ತಾಯಂದಿರು ಮಂಚದ ಪಕ್ಕ ನೆಲದಲ್ಲೇ ದಿನ ಕಳೆಯುತ್ತಾರೆ. ನಿಮ್ಮಲ್ಲಿ ಒಬ್ಬರು ಮಗುವಿನ ಜೊತೆ ಚೌಕಾಬಾರ ಆಡುತ್ತಾ ಕೂತರೆ ಆ ತಾಯಿ ಸ್ನಾನ ಮಾಡಿ, ಒಂದು ಲೋಟ ಚಹಾ ಕುಡಿದು ಬರಬಹುದು. ಆಟ ಬಾರದವರೂ ಈ ಕೆಲಸ ಮಾಡಬಹುದು.

ಬರುವವರು ಇಂದೇ ಹೆಸರು ಕೊಡಿ. ಹರಿಹರದವರು ಒಂದು ಗುಂಪು, ದಾವಣಗೆರೆಯವರು ಎರಡು ಗುಂಪು, ಒಂದು ಸಲಕ್ಕೆ ಆರು ಜನಕ್ಕಿಂತ ಹೆಚ್ಚು ಬೇಡ. ಉಗುರು ಕತ್ತರಿಸಿರಬೇಕು, ಉಂಗುರ-ಬಳೆ ಮನೆಯಲ್ಲಿರಲಿ, ನೆಗಡಿ-ಕೆಮ್ಮು ಇದ್ದವರು ಆ ವಾರ ಬಿಡಿ. ಚೆಂಡು ಹೊಲಿಯಲು ಹನ್ನೆರಡು ಮಂದಿ ಬೇಕು, ರೆಕ್ಸಿನ್ ತುಂಡುಗಳನ್ನು ಸೋಫಾ ಹೊಲಿಯುವ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ. ರಾಗಿ ನಾವೇ ತರುತ್ತೇವೆ.