ತೇರಿಗೆ ಸನ್ನೆ ಹಾಕಿದ ಮೇಷ್ಟ್ರು: ವಿನ್ಸ್ ಲೊಂಬಾರ್ಡಿ



ಪುಣೆ, ಹೈದರಾಬಾದ್, ದೆಹಲಿ, ಚೆನ್ನೈ, ನೀವು ಎಲ್ಲೇ ಇರಿ, 'ಕೋಚಿಂಗ್' ಅಂದ ತಕ್ಷಣ ಕಣ್ಣ ಮುಂದೆ ಬರೋದು ಏನು? ಬಸ್ ಸ್ಟಾಪಿನ ಮೇಲೊಂದು ದೊಡ್ಡ ಹೋರ್ಡಿಂಗ್. ಅದರ ತುಂಬಾ ಮಕ್ಕಳ ಫೋಟೋ, ಪ್ರತಿ ಫೋಟೋ ಕೆಳಗೆ ಒಂದು ರ‍್ಯಾಂಕ್. ಅದೇ ಕ್ಲಾಸಿನಲ್ಲಿ ಅದೇ ಫೀಸು ಕೊಟ್ಟು ಕೂತಿದ್ದ ಉಳಿದ ಮಕ್ಕಳು ಏನಾದರು ಅಂತ ಆ ಬೋರ್ಡು ಹೇಳಲ್ಲ. ನಾನು ಪುಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸ್ತೀನಿ. ಹಾಗಾಗಿ ಈ ಪ್ರಶ್ನೆ ನನಗೆ ದಿನಾ ಎದುರಾಗುತ್ತೆ: ಅರ್ಥವಾಗದವನಿಗಾಗಿ ಪಾಠ ನಿಲ್ಲಿಸಬೇಕಾ, ಅಥವಾ ಅರ್ಥವಾದವರನ್ನು ಕರಕೊಂಡು ಮುಂದೆ ಹೋಗಬೇಕಾ?

ಇವತ್ತು ಒಬ್ಬ ಕೋಚ್ ಬಗ್ಗೆ ಮಾತಾಡ್ತೀನಿ. ಅಮೆರಿಕದ ವಿನ್ಸ್ ಲೊಂಬಾರ್ಡಿ. ಅಲ್ಲಿನ ಸೂಪರ್ ಬೌಲ್ ಗೆದ್ದ ತಂಡಕ್ಕೆ ಪ್ರತಿ ವರ್ಷ ಕೊಡೋ ಟ್ರೋಫಿಗೆ ಇವರದೇ ಹೆಸರು. ನನಗೆ ಆಸಕ್ತಿ ಇರೋದು ಆ ಟ್ರೋಫಿಗಿಂತ ಹಳೇ ವಿಷಯದಲ್ಲಿ. ಈ ಮನುಷ್ಯ ಮೊದಲು ಒಬ್ಬ ಲೈನ್‌ಮನ್, ಆಮೇಲೆ ಹೈಸ್ಕೂಲ್ ಮೇಷ್ಟ್ರು.

ಮೊದಲು ಆಟ ಸ್ವಲ್ಪ ಹೇಳ್ತೀನಿ. ಇದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಎರಡೂ ತುದಿ ಚೂಪಾದ ಮೊಟ್ಟೆ ಆಕಾರ. ಒಂದು ತಂಡದಲ್ಲಿ 11 ಜನ. ಚೆಂಡು ಕೈಯಲ್ಲಿರೋ ತಂಡಕ್ಕೆ 4 ಅವಕಾಶ, ಅಷ್ಟರಲ್ಲಿ ಕನಿಷ್ಠ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ 4 ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಎಸೆಯೋನು, ಹಿಡಿಯೋನು, ಎತ್ಕೊಂಡು ಓಡೋನು, ಇವರನ್ನೆಲ್ಲ ಜನ ನೋಡ್ತಾರೆ. ಇವರ ಮುಂದೆ ಒಂದು ಸಾಲು ನಿಂತಿರುತ್ತೆ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಇವರ ಕೆಲಸ ಎದುರಿನವರನ್ನು ತಡೆಯೋದು, ತಳ್ಳೋದು, ಹಿಂದಿನವನಿಗೆ ದಾರಿ ಮಾಡಿಕೊಡೋದು. ಗಾರ್ಡ್ ಆದವನ ಹೆಸರಿನ ಮುಂದೆ ಓಡಿದ ಗಜಗಳ ಲೆಕ್ಕವೂ ಇರಲ್ಲ, ಪಾಯಿಂಟೂ ಇರಲ್ಲ.

ನಮ್ಮ ಕಡೆ ಜಾತ್ರೆಯಲ್ಲಿ ತೇರು ಎಳೆಯೋದನ್ನು ನೋಡಿದ್ದೀರಲ್ಲ. ಜನ ಕೈಮುಗಿಯೋದು ಮೇಲಿರೋ ದೇವರಿಗೆ. ಬಾಳೆಹಣ್ಣು ಎಸೆಯೋದು ಕಳಸಕ್ಕೆ. ಹಗ್ಗ ಹಿಡಿದವರೂ ಕಾಣ್ತಾರೆ. ಆದರೆ ಗಾಲಿಯ ಪಕ್ಕದಲ್ಲೇ ಬಗ್ಗಿಕೊಂಡು, ಸರಿಯಾದ ಹೊತ್ತಿಗೆ ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿರುಗಿಸೋ ಸನ್ನೆ ಹಾಕೋರಿದ್ದಾರಲ್ಲ, ಅವರ ಮೇಲೆ ಯಾರ ಕಣ್ಣೂ ಇರಲ್ಲ. ಲೈನ್‌ಮನ್ ಅಂದ್ರೆ ಅವರು.

ಲೊಂಬಾರ್ಡಿ ಹುಟ್ಟಿದ್ದು 1913ರ ಜೂನ್ 11, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಇಟಾಲಿಯನ್ ಮೂಲದ ಕುಟುಂಬ, ತಂದೆ ಮಾಂಸದ ವ್ಯಾಪಾರಿ. ಐದು ಮಕ್ಕಳಲ್ಲಿ ಇವರೇ ಹಿರಿಯ. ಪಾದ್ರಿ ಆಗಬೇಕು ಅಂತ ಹದಿಹರೆಯದಲ್ಲಿ ಸೆಮಿನರಿ ಶಾಲೆ ಸೇರಿ, ಆಮೇಲೆ ಆ ದಾರಿ ಬಿಟ್ಟರು. 1933ರಲ್ಲಿ ಫೋರ್ಡಮ್ ವಿಶ್ವವಿದ್ಯಾಲಯ ಸೇರಿದರು. ಎತ್ತರ ಸುಮಾರು 5 ಅಡಿ 8 ಇಂಚು, ತೂಕ 80 ಕಿಲೋ ಆಸುಪಾಸು. ಲೈನ್‌ಮನ್ ಮಟ್ಟಿಗೆ ಆ ಕಾಲಕ್ಕೂ ಚಿಕ್ಕ ಆಳು.

ಆದರೂ ಅವರು ರೈಟ್ ಗಾರ್ಡ್ ಆಗಿ ನಿಂತರು. 1936ರ ಫೋರ್ಡಮ್ ತಂಡದ ಮುಂದಿನ ಸಾಲಿನ ಏಳು ಜನರಿಗೆ 'ಗ್ರಾನೈಟಿನ ಏಳು ಬಂಡೆಗಳು' ಅನ್ನೋ ಹೆಸರು ಬಿತ್ತು. ಲೊಂಬಾರ್ಡಿ ಆ ಬಂಡೆಗಳಲ್ಲೊಂದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಬಲಿಷ್ಠ ತಂಡದ ಜೊತೆ 1935ರಲ್ಲಿ ಆಡಿದರು, 0-0. 1936ರಲ್ಲಿ ಮತ್ತೆ ಆಡಿದರು, ಮತ್ತೆ 0-0. ಸ್ಕೋರ್‌ಬೋರ್ಡ್ ನೋಡಿದವನಿಗೆ ಏನೂ ನಡೆದಿಲ್ಲ ಅನಿಸುತ್ತೆ. ಆ ಸಾಲಿನಲ್ಲಿ ನಿಂತವನಿಗೆ ಗೊತ್ತು, ಆ ಸೊನ್ನೆಯನ್ನು ಕಾಯೋದಕ್ಕೆ ಎಷ್ಟು ಏಟು ತಿನ್ನಬೇಕು ಅಂತ.

ಚಿಕ್ಕ ದೇಹದವನು ಆ ಜಾಗದಲ್ಲಿ ಉಳೀಬೇಕಾದರೆ ಕೋಪ ಮಾತ್ರ ಸಾಲಲ್ಲ. ಕಾಲು ಎಲ್ಲಿಡಬೇಕು, ಭುಜ ಎಷ್ಟು ತಗ್ಗಿಸಬೇಕು ಅನ್ನೋದು ಗೊತ್ತಿರಬೇಕು. ಫಿಸಿಕ್ಸ್ ಮೇಷ್ಟ್ರಾಗಿ ಹೇಳ್ತೀನಿ, ಇಬ್ಬರು ಡಿಕ್ಕಿ ಹೊಡೆದಾಗ ಯಾರ ಗುರುತ್ವ ಕೇಂದ್ರ ಕೆಳಗಿದೆಯೋ ಅವನಿಗೆ ಅನುಕೂಲ. ಹುಟ್ಟಿನಿಂದ ಬಂದ ಬಲ ಇರುವವನು ತನಗೆ ಹೇಗೆ ಬಂತು ಅಂತ ಬೇರೆಯವರಿಗೆ ವಿವರಿಸೋದು ಕಷ್ಟ. ಒಂದೊಂದೇ ಅಂಗುಲ ಲೆಕ್ಕ ಹಾಕಿ ಕಲಿತವನು ವಿವರಿಸಬಲ್ಲ. ಲೊಂಬಾರ್ಡಿ ಒಳಗಿನ ಮೇಷ್ಟ್ರು ಹುಟ್ಟಿದ್ದು ಅಲ್ಲೇ ಅಂತ ನನ್ನ ನಂಬಿಕೆ.

1937ರಲ್ಲಿ ಡಿಗ್ರಿ ಮುಗೀತು. ಅಮೆರಿಕದಲ್ಲಿ ಇನ್ನೂ ಆರ್ಥಿಕ ಮುಗ್ಗಟ್ಟಿನ ಕಾಲ. ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ ಮಾಡಿದರು, ಲಾ ಕಾಲೇಜಿಗೆ ಸೇರಿ ಬಿಟ್ಟರು. 1939ರಲ್ಲಿ ಫೋರ್ಡಮ್‌ನ ಹಳೇ ಜೊತೆಗಾರ ಆ್ಯಂಡಿ ಪಲಾವ್ ಕರೆದರು. ನ್ಯೂಜೆರ್ಸಿಯ ಎಂಗಲ್‌ವುಡ್ ಊರಿನ ಸೇಂಟ್ ಸಿಸಿಲಿಯಾ ಹೈಸ್ಕೂಲಿನಲ್ಲಿ ಸಹಾಯಕ ಕೋಚ್ ಕೆಲಸ. ಜೊತೆಗೆ ಪಾಠ ಮಾಡಬೇಕು: ಲ್ಯಾಟಿನ್, ಕೆಮಿಸ್ಟ್ರಿ, ಫಿಸಿಕ್ಸ್. ಸಂಬಳ ವರ್ಷಕ್ಕೆ 1000 ಡಾಲರ್‌ಗಿಂತ ಕಡಿಮೆ. 1942ರಲ್ಲಿ ಮುಖ್ಯ ಕೋಚ್ ಆದರು. ಬಾಸ್ಕೆಟ್‌ಬಾಲ್ ತಂಡವನ್ನೂ ನೋಡಿಕೊಂಡರು. ಒಟ್ಟು 8 ವರ್ಷ ಅಲ್ಲೇ.

ಬೆಳಗ್ಗೆ ಲ್ಯಾಟಿನ್ ವ್ಯಾಕರಣ, ಮಧ್ಯಾಹ್ನ ರಾಸಾಯನಿಕ ಸಮೀಕರಣ, ಸಂಜೆ ಮೈದಾನ. ಕ್ಲಾಸಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಕಲಿಯೋ ಹುಡುಗನಿಗೆ ಅರ್ಥ ಆಗೋತನಕ ಅದನ್ನೇ ಮತ್ತೆ ಮತ್ತೆ ಹೇಳ್ತಿದ್ದರು ಅಂತ ಅವರ ವಿದ್ಯಾರ್ಥಿಗಳು ನೆನಪಿಸಿಕೊಂಡಿದ್ದಾರೆ. ಇದನ್ನು ಬರೀ ಕರುಣೆ ಅಂತ ತಿಳೀಬೇಡಿ. ಲೈನ್‌ಮನ್‌ಗೆ ಗೊತ್ತಿರೋ ಒಂದು ಲೆಕ್ಕ ಇದು. ಸಾಲಿನಲ್ಲಿ ಐದು ಜನ ಇದ್ದು ನಾಲ್ಕು ಜನ ಸರಿಯಾಗಿ ತಡೆದು, ಐದನೆಯವನು ತಪ್ಪಿದರೆ ಅಲ್ಲಿಂದಲೇ ಎದುರಾಳಿ ನುಗ್ತಾನೆ. ನಾಲ್ಕು ಜನರ ಒಳ್ಳೇ ಕೆಲಸ ನೀರಿನಲ್ಲಿ ಹೋಮ. ಐದನೆಯವನಿಗೂ ಪಾಠ ತಲುಪಿಲ್ಲ ಅಂದ್ರೆ ತಂಡಕ್ಕೇ ತಲುಪಿಲ್ಲ ಅಂತ ಅರ್ಥ.

1947ರಲ್ಲಿ ಅವರು ಫೋರ್ಡಮ್‌ಗೆ ಮರಳಿದರು. 1949ರಿಂದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ರೆಡ್ ಬ್ಲೇಕ್ ಅನ್ನೋ ಹಿರಿಯ ಕೋಚ್ ಕೈಕೆಳಗೆ ಕೆಲಸ. ಪಂದ್ಯದ ಫಿಲಂ ಹಾಕಿ ಒಬ್ಬೊಬ್ಬನ ಹೆಜ್ಜೆಯನ್ನೂ ನೋಡೋ ಶಿಸ್ತು ಅಲ್ಲಿ ಗಟ್ಟಿಯಾಯಿತು. 1954ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಸಹಾಯಕ ಕೋಚ್ ಆಗಿ ಬಂದರು. 1956ರಲ್ಲಿ ಆ ತಂಡ ಚಾಂಪಿಯನ್. ಆದರೂ ಮುಖ್ಯ ಕೋಚ್ ಹುದ್ದೆ ಸಿಗಲೇ ಇಲ್ಲ. ತನ್ನ ಇಟಾಲಿಯನ್ ಹೆಸರೇ ಅಡ್ಡ ಬರ್ತಿದೆ ಅಂತ ಅವರಿಗೆ ಬಲವಾಗಿ ಅನಿಸಿತ್ತು. ಕೊನೆಗೆ 1959ರಲ್ಲಿ, 45ನೇ ವಯಸ್ಸಿನಲ್ಲಿ, ಗ್ರೀನ್ ಬೇ ಪ್ಯಾಕರ್ಸ್ ತಂಡ ಕರೀತು. ಅಷ್ಟು ಹೊತ್ತಿಗೆ ಫುಟ್‌ಬಾಲ್‌ನಲ್ಲಿ ಒಂದು ಹಿರಿಯರ ತಂಡಕ್ಕೆ ಮುಖ್ಯ ಕೋಚ್ ಆಗಿದ್ದ ಅನುಭವ ಅಂತ ಇದ್ದದ್ದು ಆ ಹೈಸ್ಕೂಲಿನದು ಮಾತ್ರ.

ಗ್ರೀನ್ ಬೇ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರು, ಆಗ ಜನಸಂಖ್ಯೆ 60 ಸಾವಿರದ ಆಸುಪಾಸು. ಹಿಂದಿನ ವರ್ಷ ತಂಡ ಆಡಿದ 12 ಪಂದ್ಯಗಳಲ್ಲಿ ಗೆದ್ದದ್ದು 1, ಸೋತದ್ದು 10, ಒಂದು ಟೈ. ಲೊಂಬಾರ್ಡಿ ಬಂದ ಮೊದಲ ವರ್ಷವೇ 7 ಗೆಲುವು, 5 ಸೋಲು. ಆಟಗಾರರಲ್ಲಿ ಬಹಳಷ್ಟು ಮಂದಿ ಹಳಬರೇ. ಹಾಗಾದರೆ ಬದಲಾಗಿದ್ದೇನು?

ಪಾಠದ ರೀತಿ ಬದಲಾಯಿತು. ತಂತ್ರಗಳ ಪಟ್ಟಿ ಚಿಕ್ಕದಾಯಿತು, ಇದ್ದದ್ದು ಆಳವಾಯಿತು. ಅವರ ಹೆಸರಾಂತ ತಂತ್ರ 'ಪವರ್ ಸ್ವೀಪ್'. ಇದರಲ್ಲಿ ಇಬ್ಬರು ಗಾರ್ಡ್‌ಗಳು ಎದುರಿನವನನ್ನು ತಳ್ಳೋದು ಬಿಟ್ಟು, ಪಕ್ಕಕ್ಕೆ ತಿರುಗಿ, ಸಾಲಿನ ಹಿಂದಿನಿಂದ ಅಂಚಿನ ಕಡೆ ಓಡ್ತಾರೆ. ಚೆಂಡು ಹಿಡಿದವನು ಅವರ ಬೆನ್ನ ಹಿಂದೆ ಬರ್ತಾನೆ. ಎದುರಾಳಿ ಹೊರಗೆ ಹೋಗ್ತೀನಿ ಅಂದ್ರೆ ಅವನನ್ನು ಹೊರಗೇ ತಳ್ಳು, ಒಳಗೆ ಬರ್ತೀನಿ ಅಂದ್ರೆ ಒಳಗೇ ತಳ್ಳು. ಓಡೋನು ಬೆಳಕು ಕಂಡ ಸಂದಿಯಲ್ಲಿ ನುಗ್ಗಲಿ. ಇದನ್ನು ಬಾಯಿಪಾಠ ಮಾಡೋಕಾಗಲ್ಲ. ಯಾಕೆ ಅನ್ನೋದು ಹನ್ನೊಂದು ಜನರಿಗೂ ಗೊತ್ತಿದ್ದರೆ ಮಾತ್ರ ನಡೆಯುತ್ತೆ. ಆಮೇಲೆ ದೊಡ್ಡ ಕೋಚ್ ಆದ ಜಾನ್ ಮ್ಯಾಡನ್ ಯುವಕನಾಗಿದ್ದಾಗ ಲೊಂಬಾರ್ಡಿ ಅವರ ತರಬೇತಿ ಶಿಬಿರಕ್ಕೆ ಹೋಗಿದ್ದರಂತೆ. ಈ ಒಂದೇ ತಂತ್ರದ ಬಗ್ಗೆ 8 ಗಂಟೆ ಮಾತಾಡಿದರು ಅಂತ ಮ್ಯಾಡನ್ ಜೀವನವಿಡೀ ಹೇಳ್ತಿದ್ದರು. ಎಂಟು ಗಂಟೆ! ನಮ್ಮಲ್ಲಿ ಒಂದು ಅಧ್ಯಾಯಕ್ಕೆ ಅಷ್ಟು ಹೊತ್ತು ಸಿಗಲ್ಲ.

ಗಮನಿಸಿ, ಆ ತಂತ್ರದ ನಾಯಕರು ಇಬ್ಬರು ಗಾರ್ಡ್‌ಗಳು. ಹಳೇ ಗಾರ್ಡ್ ಒಬ್ಬರು ತನ್ನ ಜಾಗದವರನ್ನು ಕತ್ತಲೆಯಿಂದ ಮುಂದಕ್ಕೆ ತಂದು ನಿಲ್ಲಿಸಿದರು. ಅವರಲ್ಲೊಬ್ಬ ಜೆರ್ರಿ ಕ್ರೇಮರ್. ಒಂದು ದಿನ ಅಭ್ಯಾಸದಲ್ಲಿ ಲೊಂಬಾರ್ಡಿ ಇವರನ್ನು ಎಲ್ಲರೆದುರು ಹಿಗ್ಗಾಮುಗ್ಗಾ ಬೈದರು. ಕ್ರೇಮರ್ ಲಾಕರ್ ರೂಮಿನಲ್ಲಿ ತಲೆ ತಗ್ಗಿಸಿ ಕೂತಿದ್ದರು, ಆಟವನ್ನೇ ಬಿಡೋ ಯೋಚನೆ. ಲೊಂಬಾರ್ಡಿ ಹತ್ತಿರ ಬಂದು ತಲೆಗೂದಲು ಕೆದರಿ, ಒಂದು ದಿನ ನೀನು ಈ ಆಟದ ಅತ್ಯುತ್ತಮ ಗಾರ್ಡ್ ಆಗ್ತೀಯ ಅನ್ನೋ ಅರ್ಥದ ಮಾತು ಹೇಳಿ ಹೋದರು. ತನ್ನ ಬದುಕು ತಿರುಗಿದ್ದು ಅಲ್ಲಿಂದ ಅಂತ ಕ್ರೇಮರ್ ಎಷ್ಟೋ ಸಲ ಹೇಳಿದ್ದಾರೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಲೊಂಬಾರ್ಡಿ ಕಿರುಚೋ ಮನುಷ್ಯ. ಬೈದರೇ ಮಕ್ಕಳು ಕಲಿಯೋದು ಅನ್ನೋರಿಗೆ ಇವರೊಂದು ಒಳ್ಳೇ ನೆಪ. ಆದರೆ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಕಥೆ ಕೇಳಿ. 1956ರ ಆಯ್ಕೆಯಲ್ಲಿ 17ನೇ ಸುತ್ತಿನವರೆಗೂ ಯಾರಿಗೂ ಬೇಡವಾಗಿದ್ದ ಹುಡುಗ. ಅವರು ಕೋಚ್ ಕೋಣೆಗೆ ಹೋಗಿ, ಬೈಯೋದಿದ್ದರೆ ಇಲ್ಲಿ ಬೈಯಿರಿ, ಎಲ್ಲರೆದುರು ಬೇಡ, ನಾನು ಆ ತಂಡವನ್ನು ನಡೆಸಬೇಕು ಅಂತ ಕೇಳಿಕೊಂಡರು. ಲೊಂಬಾರ್ಡಿ ಒಪ್ಪಿದರು, ಕೊನೆವರೆಗೂ ಆ ಮಾತು ನಡೆಸಿಕೊಂಡರು. ಅದೇ ಸ್ಟಾರ್ ಮೊದಲ ಎರಡು ಸೂಪರ್ ಬೌಲ್‌ಗಳಲ್ಲೂ ಅತ್ಯುತ್ತಮ ಆಟಗಾರ. ನನ್ನ ಪ್ರಕಾರ ಕೆಲಸ ಮಾಡಿದ್ದು ಕಿರುಚಾಟ ಅಲ್ಲ, ಎಂಟು ಗಂಟೆಯ ವಿವರಣೆ. ಕಿರುಚಾಟವನ್ನು ಯಾರು ಬೇಕಾದರೂ ಅನುಕರಿಸಬಹುದು, ಅದಕ್ಕೆ ತಯಾರಿ ಬೇಕಾಗಲ್ಲ.

ಇನ್ನೊಂದು ವಿಷಯ. ಅದು ಅಮೆರಿಕದಲ್ಲಿ ಕರಿಯರನ್ನು ಹೋಟೆಲಿಗೆ ಬಿಡದ ಕಾಲ. ಬಿಳಿಯ ಆಟಗಾರರಿಗೆ ಒಂದು ನ್ಯಾಯ, ಕರಿಯ ಆಟಗಾರರಿಗೆ ಒಂದು ನ್ಯಾಯ ಮಾಡೋ ಅಂಗಡಿಗೆ ನನ್ನ ತಂಡದ ಯಾರೂ ಕಾಲಿಡಲ್ಲ ಅಂತ ಲೊಂಬಾರ್ಡಿ ಗ್ರೀನ್ ಬೇ ವ್ಯಾಪಾರಿಗಳಿಗೆ ತಿಳಿಸಿದರು. ಬೇರೆ ತಂಡ ಬಿಟ್ಟುಕೊಟ್ಟ ವಿಲ್ಲಿ ಡೇವಿಸ್, ಯಾರೂ ಆರಿಸದಿದ್ದ ವಿಲ್ಲಿ ವುಡ್, ಇಬ್ಬರೂ ಕರಿಯರು, ಇವರ ಕೈಯಲ್ಲಿ ಹಾಲ್ ಆಫ್ ಫೇಮ್ ಮಟ್ಟಕ್ಕೆ ಬೆಳೆದರು. ಹೆಸರಿನಿಂದ ತಾನು ತಿಂದ ಪೆಟ್ಟು ಅವರಿಗೆ ನೆನಪಿತ್ತು.

ಫಲಿತಾಂಶ ನಿಮಗೆ ಗೊತ್ತಿರಬಹುದು. 1961, 1962, 1965, 1966, 1967, ಏಳು ವರ್ಷದಲ್ಲಿ ಐದು ಸಲ ಚಾಂಪಿಯನ್, ಜೊತೆಗೆ ಮೊದಲ ಎರಡು ಸೂಪರ್ ಬೌಲ್.

1967ರ ಡಿಸೆಂಬರ್ 31ರ ಪಂದ್ಯ ಹೇಳ್ತೀನಿ. ಎದುರಿಗೆ ಡಲ್ಲಾಸ್. ಚಳಿ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ, ಮೈದಾನವೇ ಹೆಪ್ಪುಗಟ್ಟಿತ್ತು. ಗ್ರೀನ್ ಬೇ 14-17ರಿಂದ ಹಿಂದಿದೆ, ಉಳಿದದ್ದು 16 ಸೆಕೆಂಡ್, ಗೆರೆ ಒಂದು ಗಜಕ್ಕಿಂತ ಹತ್ತಿರ. ಸೆಂಟರ್ ಕೆನ್ ಬೌಮನ್ ಜೊತೆ ಸೇರಿ ಕ್ರೇಮರ್ ಎದುರಿನವನನ್ನು ತಳ್ಳಿದರು. ಆ ಸಂದಿಯಲ್ಲಿ ಸ್ಟಾರ್ ಚೆಂಡು ಹಿಡಿದು ನುಗ್ಗಿದರು. 21-17. ಆಗ ಟಿವಿಯಲ್ಲಿ ಆಟವನ್ನು ಮತ್ತೆ ತೋರಿಸೋ ತಂತ್ರಜ್ಞಾನ ಹೊಸದು. ಆ ತಳ್ಳುವಿಕೆಯನ್ನು ಮತ್ತೆ ಮತ್ತೆ ತೋರಿಸಿದರು. ದೇಶಕ್ಕೆ ದೇಶವೇ ಒಬ್ಬ ಗಾರ್ಡ್ ಮಾಡೋ ಕೆಲಸವನ್ನು ಕಣ್ಣಿಟ್ಟು ನೋಡಿತು. ಮರುವರ್ಷ ಬಂದ ಕ್ರೇಮರ್ ಅವರ ಡೈರಿ ಪುಸ್ತಕದ ಹೆಸರೇ 'ಇನ್‌ಸ್ಟಂಟ್ ರೀಪ್ಲೇ'. ಆದರೂ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ, 82ನೇ ವಯಸ್ಸಿನಲ್ಲಿ. ಸನ್ನೆ ಹಾಕೋರಿಗೆ ಸನ್ಮಾನ ಯಾವಾಗಲೂ ತಡವೇ.

ಈ ಬದುಕಿಗೆ ಬೆಲೆಯೂ ಇತ್ತು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಸಿಕ್ಕಿದ್ದು ತಂಡಕ್ಕೆ ಕೊಟ್ಟು ಉಳಿದ ಸಮಯ. ಹೊಟ್ಟೆಯ ತೊಂದರೆ 1967ರಲ್ಲೇ ಇತ್ತು, ವೈದ್ಯರು ಹೇಳಿದ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. 1969ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹೋದರು, ಮಾರನೇ ವರ್ಷ ಸೆಪ್ಟೆಂಬರ್ 3ರಂದು ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. 57 ವರ್ಷ. ಎಲ್ಲರ ಸಣ್ಣ ತಪ್ಪನ್ನೂ ಫಿಲಂನಲ್ಲಿ ಹುಡುಕಿದವರು ತಮ್ಮ ದೇಹದ ಮಾತು ಕೇಳಲಿಲ್ಲ. ಇಲ್ಲಿ ಕೂತಿರೋ ಮೇಷ್ಟ್ರುಗಳು, ಮೇಡಮ್‌ಗಳು ಇದನ್ನೂ ಪಾಠ ಅಂತಲೇ ತಗೊಳ್ಳಿ.

ಗೆಲ್ಲೋದೊಂದೇ ಮುಖ್ಯ ಅನ್ನೋ ಮಾತನ್ನು ಜನ ಅವರ ಹೆಸರಿಗೆ ಅಂಟಿಸಿಬಿಟ್ಟಿದ್ದಾರೆ. ಆ ಮಾತನ್ನು ಅವರಿಗಿಂತ ಮೊದಲೇ ರೆಡ್ ಸ್ಯಾಂಡರ್ಸ್ ಅನ್ನೋ ಇನ್ನೊಬ್ಬ ಕೋಚ್ ಹೇಳಿದ್ದರು. ಹೋರ್ಡಿಂಗಿಗೆ ಅದು ಚೆನ್ನಾಗಿ ಒಪ್ಪುತ್ತೆ, ಅದಕ್ಕೇ ಉಳೀತು. ನಾನು ಇಟ್ಟುಕೊಳ್ಳೋದು ಬೇರೆ ಲೊಂಬಾರ್ಡಿಯನ್ನು: ಕಮ್ಮಿ ಸಂಬಳಕ್ಕೆ ಲ್ಯಾಟಿನ್, ಕೆಮಿಸ್ಟ್ರಿ, ಫಿಸಿಕ್ಸ್ ಮೂರನ್ನೂ ಕಲಿಸಿ, ಕೊನೇ ಹುಡುಗ ತಲೆಯಾಡಿಸೋತನಕ ಬೋರ್ಡ್ ಒರೆಸದ ಮೇಷ್ಟ್ರನ್ನು.

ನಮ್ಮ ಕಾಲೇಜಿನಲ್ಲಿ ಪ್ರತಿ ಪರೀಕ್ಷೆ ಆದಮೇಲೆ ಮಕ್ಕಳನ್ನು ಅಂಕದ ಪ್ರಕಾರ ಬ್ಯಾಚ್ ಮಾಡ್ತಾರೆ. ಕೊನೇ ಬ್ಯಾಚಿಗೆ ಪಾಠ ಮಾಡೋಕೆ ಯಾರೂ ಮುಂದೆ ಬರಲ್ಲ. ಈ ವರ್ಷ ಅದನ್ನು ನಾನು ಕೇಳಿ ತಗೊಂಡಿದ್ದೀನಿ. ಸೋಮವಾರ ಘರ್ಷಣೆ ಅನ್ನೋ ಅಧ್ಯಾಯ ಶುರು. ಎಷ್ಟು ಗಂಟೆ ಹಿಡಿಯುತ್ತೋ ಹಿಡೀಲಿ.