ಹಾಡಿನಾಟ ಬಂದು ಹೋದರೆ ಸಾಕೆ?

(ಬಂಗಾರಪೇಟೆಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತಿನ ಬರಹ)



ನನ್ನ ಮುಂದೆ ಇಟ್ಟಿರುವ ಪ್ರಶ್ನೆ ಇಷ್ಟೆ. ಊರೂರು ಸುತ್ತುವ ಹಾಡಿನ ನಾಟಕ ಒಂದು ಊರಲ್ಲಿ ನೆಲೆ ನಿಲ್ಲಬೇಕೆ? ಇವತ್ತು ಬಂದು ನಾಳೆ ಲಾರಿ ಹತ್ತುವ ಆಟ, ನಮ್ಮ ಬಂಗಾರಪೇಟೆಯಲ್ಲೋ ಕೆ.ಜಿ.ಎಫ್.ನಲ್ಲೋ ವರ್ಷಾನುಗಟ್ಟಲೆ ನಡೆಯುವ ಊರ ಆಟ ಆಗಬೇಕೆ? ಕೆಲವರು 'ಆಗಲೇಬೇಕು, ಒಂದು ಹಾಲ್ ಹಿಡಿಯೋಣ, ವಾರ ವಾರ ಆಡೋಣ' ಅಂತಾರೆ. ಕೆಲವರು 'ನಿಂತ ನೀರು ಕೊಳೆಯುತ್ತೆ, ಆಟ ತಿರುಗುತ್ತಾ ಇರಬೇಕು' ಅಂತಾರೆ. ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಆಟ ನಿಲ್ಲಬೇಕು. ಆದರೆ ನಿಲ್ಲೋದು ಅಂದರೆ ಏನು ಅನ್ನೋದನ್ನ ನಾವು ಬೇರೆ ರೀತಿ ಯೋಚನೆ ಮಾಡಬೇಕು.

ಸುತ್ತುವ ಹಾಡಿನಾಟ ಅಂದ ಕೂಡಲೇ ದೊಡ್ಡವರಿಗೆ ನೆನಪಾಗೋದು ಕಂಪನಿ ನಾಟಕ. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಕಂಪನಿಗಳ ಕ್ರಮ ಹೀಗಿತ್ತು: ಒಂದು ಊರಿಗೆ ಬಂದು ಕ್ಯಾಂಪ್ ಹಾಕೋದು, ತಗಡಿನ ಥಿಯೇಟರು ಕಟ್ಟೋದು, ಕಲೆಕ್ಷನ್ ಇರೋವರೆಗೆ ಆಡೋದು. ಕಲೆಕ್ಷನ್ ಬಿದ್ದರೆ ನಾಟಕ ಬದಲಾಯಿಸೋದು. ಅದೂ ಬಿದ್ದರೆ ಗಂಟುಮೂಟೆ ಕಟ್ಟೋದು. 1934ರಲ್ಲಿ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆ ರಂಗಕ್ಕೆ ತಂದರು. ಜನ ಬೆರಗಾದರು. ಆ ವೈಭವ ಸುಳ್ಳಲ್ಲ. ಆದರೆ ಊರಲ್ಲಿ ಎಷ್ಟು ದಿನ ಇರಬೇಕು ಅಂತ ತೀರ್ಮಾನ ಮಾಡ್ತಿದ್ದದ್ದು ಊರಲ್ಲ, ಗಲ್ಲಾಪೆಟ್ಟಿಗೆ. ಕುರ್ಚಿ, ಬೆಂಚು, ನೆಲ ಅಂತ ಕ್ಲಾಸುಗಳು. ನಮ್ಮವರಿಗೆ ಸಿಕ್ಕಿದ್ದರೆ ನೆಲ. ಹಾಗೆ ನೋಡಿದರೆ ಕಂಪನಿ ಆರು ತಿಂಗಳು ಇದ್ದರೂ ಅದು ಊರ ಆಟ ಅಲ್ಲ. ಊರಲ್ಲಿ ಬಿಡಾರ ಹೂಡಿದ ಆಟ.

ಆಮೇಲೆ ಬೇರೆ ಥರದ ತಿರುಗಾಟ ಬಂತು. 1975ರಲ್ಲಿ ಹುಟ್ಟಿದ 'ಸಮುದಾಯ' 1979ರಲ್ಲಿ ನಾಡಿನಲ್ಲಿ ಜಾಥಾ ಹೊರಟಿತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ಕೂಲಿ ಜನರನ್ನು ಸುಟ್ಟ ಸುದ್ದಿ ಸಿ.ಜಿ.ಕೆ. ಅವರ 'ಬೆಲ್ಚಿ' ಬೀದಿ ನಾಟಕವಾಯಿತು. ದಲಿತ ಚಳವಳಿಯ ಹಾಡುಗಾರರು ತಮಟೆ ಹಿಡಿದು ಹಟ್ಟಿಯಿಂದ ಹಟ್ಟಿಗೆ ನಡೆದರು. 1985ರಲ್ಲಿ ಹೆಗ್ಗೋಡಿನ ನೀನಾಸಂ 'ತಿರುಗಾಟ' ಶುರು ಮಾಡಿತು. ಇಲ್ಲಿ ಟಿಕೆಟ್ಟಿನ ಲೆಕ್ಕಕ್ಕಿಂತ ಮಾತಿನ ಲೆಕ್ಕ ಮುಖ್ಯವಾಗಿತ್ತು. ಈ ಹಾಡುಗಳು ಬಾರದೆ ಇದ್ದಿದ್ದರೆ ಎಷ್ಟೋ ಹಟ್ಟಿಗಳಿಗೆ ತಮ್ಮ ನೋವು ಇನ್ನೊಂದು ಹಟ್ಟಿಯಲ್ಲೂ ಇದೆ ಅನ್ನೋದೇ ಗೊತ್ತಾಗ್ತಿರಲಿಲ್ಲ. ಅದಕ್ಕೆ ತಿರುಗಾಟವನ್ನು ಹಗುರವಾಗಿ ನೋಡುವ ಹಕ್ಕು ನಮಗ್ಯಾರಿಗೂ ಇಲ್ಲ.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡೋದಿಲ್ಲ. 2000ನೇ ಇಸವಿ ಮಾರ್ಚ್ 11. ಆಗ ನಮ್ಮ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. ಏಳು ಜನ ದಲಿತರನ್ನು ಸುಟ್ಟು ಕೊಂದರು. ಅಂಥ ಊರಿಗೆ ಎಲ್ಲರೂ ಬರ್ತಾರೆ. ಮಂತ್ರಿಗಳು ಬರ್ತಾರೆ, ಪೇಪರಿನವರು ಬರ್ತಾರೆ, ಹಾಡುವವರೂ ಬರ್ತಾರೆ. ಎಲ್ಲರೂ ವಾಪಸ್ ಹೋಗ್ತಾರೆ. 2006ರಲ್ಲಿ ಸಾಕ್ಷಿಗಳು ತಿರುಗಿ ಬಿದ್ದು ಆರೋಪಿಗಳೆಲ್ಲ ಬಿಡುಗಡೆ ಆದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಡು ಅಲ್ಲಿ ನಿಂತಿದ್ದರೆ ತೀರ್ಪು ಬದಲಾಗ್ತಿತ್ತು ಅಂತ ನಾನು ಹೇಳೋದಿಲ್ಲ. ಹಾಡಿಗೆ ಅಷ್ಟು ಶಕ್ತಿ ಇದೆ ಅಂತ ನಂಬುವಷ್ಟು ಹುಡುಗ ಕವಿ ನಾನಲ್ಲ. ಆದರೆ ಹಾಡಿದವರು ಬಸ್ ಹತ್ತಿದ ಮೇಲೆ ಸಾಕ್ಷಿ ಹೇಳಬೇಕಾದವರು ಅದೇ ಊರಲ್ಲಿ, ಅದೇ ಬಾವಿ ಅದೇ ಹೊಲದ ನಡುವೆ ಬದುಕಬೇಕು. ಅವರ ಜೊತೆಗೆ ಆರು ವರ್ಷ ಯಾವ ಹಾಡು ಇತ್ತು? ಧೈರ್ಯ ಅನ್ನೋದು ಒಂದು ರಾತ್ರಿಯ ಪದಾರ್ಥ ಅಲ್ಲ ಗೆಳೆಯರೆ. ದಿನಾ ಅನ್ನ ಬೇಯಿಸಿದ ಹಾಗೆ ದಿನಾ ಬೇಯಿಸಬೇಕು.

ಇನ್ನು 'ಒಂದು ಕಡೆ ನಿಲ್ಲೋಣ' ಅನ್ನುವವರ ಮಾತಿಗೆ ಬರೋಣ. ನಿಂತ ಹಾಡಿನಾಟಕ್ಕೆ ನಮ್ಮ ಕಣ್ಣ ಮುಂದೆ ದೊಡ್ಡ ಉದಾಹರಣೆ 'ಮಲೆಗಳಲ್ಲಿ ಮದುಮಗಳು'. ಕುವೆಂಪು ಅವರ 1967ರ ಕಾದಂಬರಿ. ರಂಗರೂಪ ಕೊಟ್ಟವರು ನಮ್ಮ ಕೋಲಾರ ಜಿಲ್ಲೆಯವರೇ ಆದ ಕೆ.ವೈ. ನಾರಾಯಣಸ್ವಾಮಿ. ನಿರ್ದೇಶನ ಸಿ. ಬಸವಲಿಂಗಯ್ಯ, ಸಂಗೀತ ಹಂಸಲೇಖ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಆಡಿದರು. ಆಮೇಲೆ 2013ರಿಂದ ಬೆಂಗಳೂರಿನ ಕಲಾಗ್ರಾಮದಲ್ಲಿ ಬಯಲಲ್ಲೇ ಬೇರೆ ಬೇರೆ ರಂಗ ಕಟ್ಟಿ, ರಾತ್ರಿಯಿಡೀ, ಸುಮಾರು 9 ಗಂಟೆ ಕಾಲ ಆಡಿದರು. ಜನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆದರು. ಹೊಲೇರ ಗುತ್ತಿ ಮತ್ತು ಅವನ ನಾಯಿ ಹುಲಿಯನ ಕಥೆಯನ್ನು ಬೆಂಗಳೂರಿನ ಜನ ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನವರೆಗೆ ನೋಡಿದರು. ಒಬ್ಬ ಜೀತದ ಆಳು ರಾತ್ರಿಯಿಡೀ ರಂಗದ ನಡುವೆ ನಿಂತದ್ದು ಸಣ್ಣ ಸಂಗತಿ ಅಲ್ಲ. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಆದರೆ ಅದರ ಲೆಕ್ಕವನ್ನೂ ನೋಡಿ. ಅಷ್ಟು ಜನ ಕಲಾವಿದರು, ಅಷ್ಟು ದೀಪ, ಅಷ್ಟು ಜಾಗ. ಹಿಂದೆ ಸರ್ಕಾರದ ಇಲಾಖೆ ಇದೆ, ಮುಂದೆ ಟಿಕೆಟ್ ಕೊಂಡು ರಾತ್ರಿ ನಿದ್ದೆಗೆಟ್ಟು ಮಾರನೇ ದಿನ ಮಲಗಬಲ್ಲ ನಗರ ಇದೆ. ಅಮೆರಿಕದ ಬ್ರಾಡ್‌ವೇಯಲ್ಲಿ 'ಫ್ಯಾಂಟಮ್ ಆಫ್ ದಿ ಒಪೆರಾ' ಅನ್ನೋ ಹಾಡಿನ ನಾಟಕ 1988ರಿಂದ 2023ರವರೆಗೆ, 35 ವರ್ಷ, ಒಂದೇ ಥಿಯೇಟರಿನಲ್ಲಿ ನಡೆಯಿತು. ಆ ಊರಿಗೆ ಪ್ರವಾಸಿಗರು ಬರ್ತಾನೇ ಇರ್ತಾರೆ, ದಿನಾ ಹೊಸ ಪ್ರೇಕ್ಷಕ. ನಮ್ಮ ಊರಿಗೆ ಯಾರು ಬರ್ತಾರೆ? ನಮ್ಮ ಜನರೇ ಊರಲ್ಲಿ ಇರೋದಿಲ್ಲ!

ಇದು ತಮಾಷೆ ಮಾತಲ್ಲ. 2001ರ ಫೆಬ್ರವರಿ 28ಕ್ಕೆ ಬಿ.ಜಿ.ಎಂ.ಎಲ್. ಗಣಿ ಮುಚ್ಚಿತು. ಗಣಿ ಮುಚ್ಚಿದ ಆಸುಪಾಸಿನಲ್ಲಿ ಹುಟ್ಟಿದವರು ನಾವು. ಅವತ್ತಿನಿಂದ ನಮ್ಮ ಅಪ್ಪ ಅಕ್ಕ ಅಣ್ಣಂದಿರ ಕೆಲಸ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಟಿಫನ್ ಡಬ್ಬಿ ಹಿಡಿದು ನಿಂತ ಜನ ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರ್ತಾರೆ ಅನ್ನೋದು ನಿಮಗೆ ಗೊತ್ತು. ದಿನಾ ಸಂಜೆ 6 ಗಂಟೆಗೆ ಹಾಲ್‌ನಲ್ಲಿ ಆಟ ಇಟ್ಟರೆ ಆ ಹೊತ್ತಿಗೆ ನಮ್ಮ ಪ್ರೇಕ್ಷಕ ರೈಲಲ್ಲಿ ನಿಂತಿರ್ತಾನೆ. ಖಾಲಿ ಕುರ್ಚಿಗಳ ಮುಂದೆ ಕ್ರಾಂತಿಗೀತೆ ಹಾಡಬೇಕಾಗುತ್ತೆ.

ಹಾಗಾದರೆ ದಾರಿ ಏನು? ದಾರಿ ನಮ್ಮ ಸುತ್ತಲೇ ಇದೆ, ನಾವು ನೋಡಿಲ್ಲ ಅಷ್ಟೆ. ಬಂಗಾರಪೇಟೆ, ಮಾಲೂರು, ಮುಳಬಾಗಿಲು ಸುತ್ತಿನ ಹಳ್ಳಿಗಳಿಗೆ ಹೋಗಿ. ಇವತ್ತಿಗೂ 'ಕುರುಕ್ಷೇತ್ರ' ಆಡ್ತಾರೆ. ಗುಬ್ಬಿ ಕಂಪನಿಯ ಆನೆ ಕುದುರೆ ಮಣ್ಣಾಗಿ ಎಷ್ಟು ಕಾಲ ಆಯಿತು? ಆದರೆ ಹಳ್ಳಿಯಲ್ಲಿ ಒಬ್ಬ ಇಪ್ಪತ್ತು ವರ್ಷದಿಂದ ದುರ್ಯೋಧನ, ಅವನನ್ನು ಜನ ಸಂತೆಯಲ್ಲೂ ದುರ್ಯೋಧನ ಅಂತಲೇ ಕರೀತಾರೆ. ಕಂಪನಿಯ ಆಟ ಹಳ್ಳಿಯ ಆಟ ಆದದ್ದು ಹೇಗೆ? ಕಂಪನಿ ಅಲ್ಲಿ ಬಂದು ನೆಲೆಸಿದ್ದರಿಂದ ಅಲ್ಲ. ಹಾರ್ಮೋನಿಯಂ ಹಿಡಿದ ಒಬ್ಬ ನಾಟಕದ ಮೇಷ್ಟ್ರು ಬಂದು, ಊರ ಗುಡಿ ಜಗಲಿ ಮೇಲೆ ಕೂತು, ತಿಂಗಳುಗಟ್ಟಲೆ ಅಕ್ಷರ ಬಾರದವನ ಬಾಯಿಗೂ ಪದ್ಯ ಕೂರಿಸಿದ್ದರಿಂದ. ಊರವರೇ ಚಂದಾ ಎತ್ತಿದರು, ಸೀನರಿ ಡ್ರೆಸ್ಸು ಬಾಡಿಗೆಗೆ ತಂದರು, ಊರವರೇ ಆಡಿದರು, ಊರವರೇ ನೋಡಿದರು. ನಮ್ಮ ನಾಡಿನಲ್ಲಿ ನೂರು ವರ್ಷ ಓಡಿದ ಹಾಡಿನಾಟ ಅಂದರೆ ಅದೇ. ಯಾವ ಹಾಲೂ ಬೇಕಾಗಲಿಲ್ಲ.

ಅಲ್ಲಿ ನಮ್ಮ ಪಾಲು ಎಷ್ಟು ಅಂತ ಕೇಳ್ತೀರಿ. ಕೇಳಲೇಬೇಕು. ತಮಟೆ ಬಡಿಯೋಕೆ ನಾವು ಬೇಕು, ಕಿರೀಟ ಹಾಕೋಕೆ ಬೇಡ ಅನ್ನೋ ಊರುಗಳು ಇದ್ದವು. ಆ ಕಥೆಯಲ್ಲಿ ಏಕಲವ್ಯನ ಬೆರಳಿನ ಲೆಕ್ಕ ಯಾರೂ ಕೇಳೋದಿಲ್ಲ. ಕಥೆ ನಮ್ಮದಲ್ಲ. ಆದರೆ ಆಟ ಊರಲ್ಲಿ ಬೇರು ಬಿಡುವ ಆ ಕ್ರಮ ಇದೆಯಲ್ಲ, ಅದನ್ನ ನಾವು ಯಾಕೆ ಬಿಟ್ಟುಕೊಡಬೇಕು? ಮೇಷ್ಟ್ರ ಜಗಲಿಯನ್ನು ನಮ್ಮ ಕೇರಿಗೆ ತರೋಣ, ಪದ್ಯ ಬದಲಾಯಿಸೋಣ.

ನೆಲೆ ನಿಂತ ಹಾಡು ಕೊಳೆಯಲೇಬೇಕು ಅಂತ ಇಲ್ಲ ಅನ್ನೋದಕ್ಕೂ ಹತ್ತಿರದಲ್ಲೇ ಉದಾಹರಣೆ ಇದೆ. ಕೋಲಾರದ ಬೆಟ್ಟದ ಮೇಲೆ ತೇರಹಳ್ಳಿಯಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ'. ಅಲ್ಲಿ 'ಹುಣ್ಣಿಮೆ ಹಾಡು' ಅಂತ ಶುರು ಮಾಡಿ, ಹುಣ್ಣಿಮೆ ಹುಣ್ಣಿಮೆಗೆ ಹಾಡು ನಾಟಕ ವರ್ಷಗಟ್ಟಲೆ ನಡೆಸಿದರು. ದಿನಾ ಅಲ್ಲ, ವಾರಕ್ಕೊಮ್ಮೆ ಅಲ್ಲ, ಚಂದ್ರ ತುಂಬಿದಾಗ. ಕೂಲಿ ಮಾಡುವವನಿಗೆ ಕ್ಯಾಲೆಂಡರ್ ಬೇಡ, ತಲೆ ಎತ್ತಿ ನೋಡಿದರೆ ಸಾಕು. ನಮ್ಮ ಜನರ ದುಡಿಮೆಗೆ ಒಗ್ಗುವ ತಾಳ ಅದು.

ಈಗ ಕೆ.ಜಿ.ಎಫ್.ಗೆ ಬರೋಣ. ನಮ್ಮ ಊರಿನ ಕಥೆಯನ್ನು ಸುತ್ತಿಸಿದವರು ಬಹಳ ಜನ. 2018 ಮತ್ತು 2022ರಲ್ಲಿ 'ಕೆ.ಜಿ.ಎಫ್.' ಸಿನಿಮಾ ಬಂತು, ಲೋಕ ಸುತ್ತಿತು. ಸಯನೈಡ್ ದಿಬ್ಬ ತೆರೆ ಮೇಲೆ ಚೆನ್ನಾಗಿ ಕಾಣಿಸಿತು. ಗಾಳಿ ಬಂದಾಗ ಆ ದಿಬ್ಬದ ಧೂಳು ಬೀಳೋದು ಮಾತ್ರ ಲೈನ್ ಮನೆಗಳ ಅನ್ನದ ಪಾತ್ರೆಗೇ. 2024ರಲ್ಲಿ ಪಾ. ರಂಜಿತ್ ತಮಿಳಿನಲ್ಲಿ 'ತಂಗಲಾನ್' ಮಾಡಿ, ಉತ್ತರ ಆರ್ಕಾಟಿನಿಂದ ಬಂದ ನಮ್ಮವರನ್ನೇ ಕಥೆಯ ನಡುವೆ ನಿಲ್ಲಿಸಿದರು. ಅದು ಒಳ್ಳೆಯದು. ಆದರೂ ಸಿನಿಮಾ ಒಮ್ಮೆ ಮುಗಿದರೆ ಮುಗಿಯಿತು, ನಾವು ಅದಕ್ಕೆ ಒಂದು ಸಾಲು ಸೇರಿಸೋಕೆ ಆಗೋದಿಲ್ಲ. 120 ವರ್ಷದಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಟುಹೋಯಿತು. ಉಳಿದದ್ದು ದಿಬ್ಬ. ಕಥೆಯೂ ಹಾಗೇ ಹೊರಟುಹೋಗಬಾರದು.

ನಮ್ಮ ಆಟಕ್ಕೆ ಕಥೆಗೇನು ಬರವೆ? 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಯ ಯಂತ್ರಕ್ಕೆ ಬಂತು. ಯಂತ್ರದ ಪಕ್ಕ ನಿಂತ ಕಾರ್ಮಿಕನ ಗುಡಿಸಲಿಗೆ ಯಾವಾಗ ಬಂತು ಅಂತ ನಿಮ್ಮ ಅಜ್ಜಿಯನ್ನು ಕೇಳಿ, ಅದೇ ಒಂದು ಹಾಡು. 1930ರಲ್ಲಿ ಬೆರಳಚ್ಚು ಕೊಡೋದಿಲ್ಲ ಅಂತ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. 'ನಾವು ಕಳ್ಳರಲ್ಲ' ಅನ್ನೋ ಮಾತಿಗೆ ತಮಟೆ ಬೇಡವೆ? 1946ರಲ್ಲಿ ಪೊಲೀಸ್ ಗುಂಡಿಗೆ ಕಾರ್ಮಿಕರು ಬಿದ್ದರು. ಅದಕ್ಕೂ ಮುಂಚೆ, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ, ಅಯೋತಿ ದಾಸ ಪಂಡಿತರ ಮಾತು ಕೇಳಿ ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯ ಗಣಿ ಕಾರ್ಮಿಕರು ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಳ್ಳೋಕೆ ಎಷ್ಟೋ ದಶಕ ಮುಂಚೆ! ಇದನ್ನ ನಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ ಅಂದರೆ ಕಷ್ಟ ಆಗುತ್ತೆ, ಬೇಡ.

ಭಾಷೆಯ ಮಾತು ಬರುತ್ತೆ. ಕೆ.ಜಿ.ಎಫ್. ಲೈನ್‌ಗಳಲ್ಲಿ ತಮಿಳು, ಹಳ್ಳಿಗಳಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಹೊರಗಿನಿಂದ ಬರುವ ತಂಡ ಒಂದು ಭಾಷೆ ಹಿಡಿದು ಬರುತ್ತೆ, ಅದಕ್ಕೆ ಬೇರೆ ದಾರಿ ಇಲ್ಲ. ಊರ ಆಟಕ್ಕೆ ಆ ತೊಂದರೆ ಇಲ್ಲ. ಅಜ್ಜಿ ತಮಿಳಿನಲ್ಲಿ ಅಳಲಿ, ಮೊಮ್ಮಗ ಕನ್ನಡದಲ್ಲಿ ಕೇಳಲಿ, ಪಕ್ಕದ ಮನೆಯವಳು ತೆಲುಗಿನಲ್ಲಿ ಬೈಯಲಿ. ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ದಿನಾ ನಡೆಯುವ ನಾಟಕ ಅದೇ ತಾನೆ? ಬಂಗಾರಪೇಟೆಯ ಪಾನಿಪುರಿ ಬೆಂಗಳೂರಲ್ಲಿ ಬೋರ್ಡು ಹಾಕಿಕೊಂಡಿದೆ. ಬಂಗಾರಪೇಟೆಯ ಮಾತು ಮಾತ್ರ ಯಾವ ರಂಗದ ಮೇಲೂ ಇಲ್ಲ.

ಕೊನೆಯದಾಗಿ ನಿಮ್ಮ ಮಾತು, ಹಾಸ್ಟೆಲ್ ಹುಡುಗ ಹುಡುಗಿಯರ ಮಾತು. ಜಾಥಾಕ್ಕೆ ಹೋದ ಹುಡುಗ ಪರೀಕ್ಷೆಗೆ ಕೂರಲಿಲ್ಲ ಅನ್ನೋ ಕಥೆಗಳನ್ನ ನಾವು ಹೆಮ್ಮೆಯಿಂದ ಹೇಳ್ತೀವಿ. ಆ ಹುಡುಗನ ತಾಯಿ ಹೆಮ್ಮೆಯಿಂದ ಹೇಳಲ್ಲ. ಮನೆಯ ಮೊದಲ ಪದವೀಧರ ಆಗಬೇಕಾದವನನ್ನು ವರ್ಷಗಟ್ಟಲೆ ರಸ್ತೆಯಲ್ಲಿ ಇಟ್ಟು ಆಮೇಲೆ ಕೈಬಿಡುವ ಚಳವಳಿ ನಮಗೆ ಬೇಡ. ಹುಡುಗಿಯರಂತೂ ತಿರುಗುವ ತಂಡಕ್ಕೆ ಬರೋಕೆ ಎಷ್ಟು ಮನೆಗಳು ಬಿಡ್ತವೆ? ಊರಲ್ಲೇ ಭಾನುವಾರ ಅಭ್ಯಾಸ, ತಿಂಗಳಿಗೊಂದು ಆಟ ಅಂದರೆ ಅವಳೂ ಬರ್ತಾಳೆ, ಅವಳ ಅಮ್ಮನೂ ಬರ್ತಾಳೆ. ಅಮ್ಮ ಬಂದರೆ ಹಾಡು ತಾನಾಗೇ ಬದಲಾಗುತ್ತೆ.

ಅದಕ್ಕೆ ನನ್ನ ಸಲಹೆ ಇಷ್ಟು. ಹಾಲ್ ಬೇಡ, ಕೇರಿಯ ಬಯಲು ಸಾಕು. ತಿಂಗಳಿಗೊಂದು ಆಟ, ಹುಣ್ಣಿಮೆಗೆ ಹತ್ತಿರದ ಶನಿವಾರ ರಾತ್ರಿ, ಕೊನೆಯ ರೈಲು ಬಂದ ಮೇಲೆ. ಸುತ್ತುವ ತಂಡ ಬಂದರೆ ಅನ್ನ ಹಾಕೋಣ, ಹಾಡು ಕೇಳೋಣ. ಆದರೆ ಹೊರಡುವಾಗ ಒಂದು ಮಾತು ಕೇಳೋಣ: 'ಅಣ್ಣಾ, ಹಾಡಿ ಹೋಗಬೇಡಿ, ಕಲಿಸಿ ಹೋಗಿ.' ಕಲಿತ ಹಾಡಿಗೆ ನಮ್ಮ ಊರಿನ ಸಾಲು ಸೇರಿಸುವ ಹಕ್ಕು ನಮಗಿರಲಿ. ಚಂದಾ ಎಷ್ಟು ಬಂತು ಎಷ್ಟು ಹೋಯಿತು ಅನ್ನೋ ಲೆಕ್ಕ ಆಟದ ಕೊನೆಗೆ ಅಲ್ಲೇ ಓದಿ ಹೇಳಬೇಕು. ನಮ್ಮಲ್ಲಿ ಹಾಡು ಪಕ್ವವಾದಾಗ ನಾವೂ ಪಕ್ಕದ ಹಟ್ಟಿಗೆ ಹೋಗೋಣ, ಅಲ್ಲೂ ಕಲಿಸಿ ಬರೋಣ. ಹಾಗಾದರೆ ತಿರುಗಾಟವೂ ಉಳಿಯಿತು, ನೆಲೆಯೂ ಉಳಿಯಿತು.

ಯಾರಿಗೆ ತಮಟೆ ಬರುತ್ತೆ, ಯಾರ ಅಜ್ಜಿಗೆ ಹಳೆ ಹಾಡು ಬರುತ್ತೆ, ಯಾರ ತಾತ ಗಣಿಯೊಳಗೆ ಇಳಿದಿದ್ದರು, ಅವರ ಹೆಸರು ಇವತ್ತೇ ಒಂದು ಹಾಳೆಯಲ್ಲಿ ಬರೆದು ಕೊಡಿ. ತಾತಂದಿರಿಗೆ ವಯಸ್ಸಾಗ್ತಿದೆ. ಗಣಿಯ ಧೂಳು ತುಂಬಿದ ಆ ಎದೆಗಳಲ್ಲಿ ಇನ್ನೂ ಉಸಿರಿರುವಾಗಲೇ ಹಾಡು ಇಸಿದುಕೊಳ್ಳಬೇಕು.

ಜೈ ಭೀಮ್.